ದವಡೆಯ ಅಮೆಲೊಬ್ಲಾಸ್ಟೋಮಾ: ಕೆರೆದು ತೆಗೆಸುವುದಾ, ಎಲುಬು ಕತ್ತರಿಸಿ ತೆಗೆಸುವುದಾ?

ದವಡೆಯ ಗಡ್ಡೆಯ ಬಯಾಪ್ಸಿ ರಿಪೋರ್ಟಿನಲ್ಲಿ ಅಮೆಲೊಬ್ಲಾಸ್ಟೋಮಾ ಅಂತ ಬಂದ ಮೇಲೆ ಸಾಮಾನ್ಯವಾಗಿ ಎರಡು ಥರದ ಸಲಹೆ ಕಿವಿಗೆ ಬೀಳುತ್ತದೆ. ಒಬ್ಬ ಡಾಕ್ಟರು, ‘ಕೆರೆದು ತೆಗೆದರೆ ಸಾಕು, ಬೇಗ ಮನೆಗೆ ಹೋಗಬಹುದು’ ಅನ್ನುತ್ತಾರೆ. ಇನ್ನೊಬ್ಬರು, ‘ದವಡೆಯ ಒಂದು ತುಂಡನ್ನೇ ತೆಗೆಯಬೇಕು, ಕಾಲಿನ ಎಲುಬು ತಂದು ಕೂರಿಸಬೇಕು’ ಅನ್ನುತ್ತಾರೆ. ಇದು ಕ್ಯಾನ್ಸರ್ ಅಲ್ಲ ಅಂತ ಇಬ್ಬರೂ ಹೇಳಿರುತ್ತಾರೆ. ಕ್ಯಾನ್ಸರ್ ಅಲ್ಲದ್ದಕ್ಕೆ ಅಷ್ಟು ದೊಡ್ಡ ಆಪರೇಷನ್ ಯಾಕೆ ಅಂತ ಮನೆಯವರು ಕೇಳುವುದು ಸಹಜ. ಹೆಚ್ಚಿನವರು ಮೊದಲನೆಯ ಡಾಕ್ಟರ ಕಡೆಗೇ ವಾಲುತ್ತಾರೆ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಆಪರೇಷನ್ ಚಿಕ್ಕದೋ ದೊಡ್ಡದೋ ಅನ್ನುವುದನ್ನು ನೋಡಿ ಆರಿಸಬೇಡಿ. ನಿಮ್ಮದು ಯಾವ ಬಗೆಯ ಗಡ್ಡೆ, ಎಲ್ಲಿದೆ, ವಯಸ್ಸೆಷ್ಟು ಅನ್ನುವುದನ್ನು ನೋಡಿ ಆರಿಸಿ. ಈ ಗಡ್ಡೆಯನ್ನು ಪೂರ್ತಿ ತೆಗೆಯಲು ಒಳ್ಳೆಯ ಅವಕಾಶ ಸಿಗುವುದು ಮೊದಲ ಸಲವೇ. ಎರಡನೇ ಸಲಕ್ಕೆ ಅದೇ ಕೆಲಸ ಕಷ್ಟವಾಗುತ್ತದೆ, ದುಡ್ಡೂ ಜಾಸ್ತಿ ಬೇಕಾಗುತ್ತದೆ.

ಇದು ಹಲ್ಲು ಬೆಳೆಯುವಾಗ ಎನಾಮೆಲ್ ಮಾಡುವ ಜೀವಕೋಶಗಳ ವಂಶದಿಂದ ಹುಟ್ಟುವ ಗಡ್ಡೆ. ಬಹಳ ಅಪರೂಪ. ಲೋಕದ ಲೆಕ್ಕದಲ್ಲಿ ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಹೆಚ್ಚುಕಡಿಮೆ ಒಬ್ಬರಿಗೆ ಬರುತ್ತದೆ. 100ರಲ್ಲಿ ಸುಮಾರು 80 ಗಡ್ಡೆ ಕೆಳದವಡೆಯಲ್ಲೇ ಇರುತ್ತವೆ, ಅದರಲ್ಲೂ ಹಿಂದಿನ ದವಡೆಹಲ್ಲುಗಳ ಹತ್ತಿರ. ನೋವು ಕಡಿಮೆ. ಮುಖದ ಒಂದು ಬದಿ ನಿಧಾನವಾಗಿ ಉಬ್ಬುತ್ತದೆ, ಹಲ್ಲು ಅಲ್ಲಾಡುತ್ತದೆ. ‘ಹಲ್ಲಿನ ತೊಂದರೆ ಇರಬೇಕು’ ಅಂತ ಹಲ್ಲು ಕೀಳಿಸಿ, ಆಮೇಲೂ ಊತ ಇಳಿಯದೆ, ಇಡೀ ದವಡೆಯನ್ನು ಒಂದೇ ಚಿತ್ರದಲ್ಲಿ ತೋರಿಸುವ ಓಪಿಜಿ ಎಕ್ಸ್‌ರೇ ತೆಗೆಸಿದಾಗ ಗೊತ್ತಾಗುವ ಪ್ರಕರಣಗಳೇ ಹೆಚ್ಚು. ನಮ್ಮ ಕಡೆ ದವಡೆ ಊದಿದ ತಕ್ಷಣ ಜನ ಗುಟ್ಕಾ, ಎಲೆಅಡಿಕೆಯ ಮೇಲೆ ತಪ್ಪು ಹೊರಿಸುತ್ತಾರೆ. ಬಾಯಿ ಕ್ಯಾನ್ಸರಿಗೆ ಆ ಮಾತು ನಿಜ. ಈ ಗಡ್ಡೆ ಮಾತ್ರ ಜೀವನದಲ್ಲಿ ಅಡಿಕೆ ಮುಟ್ಟದವರಿಗೂ ಬರುತ್ತದೆ. ಮನೆಯಲ್ಲಿ ಯಾರನ್ನೂ ಬೈದು ಉಪಯೋಗವಿಲ್ಲ.

ಮೊದಲು ರಿಪೋರ್ಟ್ ಓದಿ

ರಿಪೋರ್ಟಿನಲ್ಲಿ ‘ಸಾಲಿಡ್’, ‘ಮಲ್ಟಿಸಿಸ್ಟಿಕ್’, ‘ಕನ್ವೆನ್ಷನಲ್’ ಅಂತ ಬೇರೆ ಬೇರೆ ಪದ ಇರಬಹುದು. ಮೂರೂ ಒಂದೇ ಬಗೆ. ಇಲ್ಲಿ ಅದನ್ನು ಗಟ್ಟಿ ಬಗೆ ಅಂತ ಕರೆಯುತ್ತೇನೆ. ಕೆಲವು ಹಳೆಯ ರಿಪೋರ್ಟುಗಳಲ್ಲಿ ಬರೀ ‘ಅಮೆಲೊಬ್ಲಾಸ್ಟೋಮಾ’ ಅಂತಷ್ಟೇ ಇರುತ್ತದೆ. 2017ರ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣವೂ ಈ ಬಗೆಗೆ ವಿಶೇಷಣ ಬೇಡ ಅಂತ ಬಿಟ್ಟುಬಿಟ್ಟಿತು. ಫಾಲಿಕ್ಯುಲರ್, ಪ್ಲೆಕ್ಸಿಫಾರ್ಮ್ ಅನ್ನುವ ಪದಗಳು ಮೈಕ್ರೋಸ್ಕೋಪಿನಲ್ಲಿ ಕಂಡ ವಿನ್ಯಾಸದ ಹೆಸರುಗಳು. ಯಾವ ಆಪರೇಷನ್ ಅನ್ನುವ ತೀರ್ಮಾನವನ್ನು ಅವು ಅಷ್ಟಾಗಿ ಬದಲಿಸುವುದಿಲ್ಲ.

ಬದಲಿಸುವ ಪದ ‘ಯೂನಿಸಿಸ್ಟಿಕ್’. ಅಂದರೆ ಒಂದೇ ಚೀಲದ ಬಗೆ. ಇದು ಹದಿಹರೆಯದವರಲ್ಲಿ, ಇಪ್ಪತ್ತರ ಆಸುಪಾಸಿನವರಲ್ಲಿ ಹೆಚ್ಚು. ಹಲವು ಸಲ ಹುಟ್ಟದೆ ಒಳಗೇ ಉಳಿದ ಬುದ್ಧಿಹಲ್ಲಿನ ಸುತ್ತ ಇರುತ್ತದೆ. ಎಕ್ಸ್‌ರೇಯಲ್ಲಿ ಸಾಮಾನ್ಯ ನೀರುಚೀಲದ ಹಾಗೇ ಕಾಣುತ್ತದೆ. ಗಟ್ಟಿ ಬಗೆಯವು ಹೆಚ್ಚಾಗಿ ಹಲವು ಕೋಣೆಗಳಾಗಿ ಕಾಣುತ್ತವೆ.

ಯೂನಿಸಿಸ್ಟಿಕ್ ಅಂತ ಇದ್ದರೆ ಇನ್ನೊಂದು ಪ್ರಶ್ನೆ ಕೇಳಲೇಬೇಕು: ಗಡ್ಡೆಯ ಜೀವಕೋಶಗಳು ಚೀಲದ ಒಳಮೈಗೆ ಮಾತ್ರ ಅಂಟಿಕೊಂಡಿವೆಯೋ, ಚೀಲದ ಗೋಡೆಯೊಳಕ್ಕೂ ನುಗ್ಗಿವೆಯೋ? ಮೊದಲನೆಯದು ಲ್ಯೂಮಿನಲ್ ಅಥವಾ ಇಂಟ್ರಾಲ್ಯೂಮಿನಲ್. ಎರಡನೆಯದು ಮ್ಯೂರಲ್. ಮ್ಯೂರಲ್ ಅಂತ ಬಂದರೆ ಅನೇಕ ಸರ್ಜನ್‌ಗಳು ಅದನ್ನು ಗಟ್ಟಿ ಬಗೆಯಂತೆಯೇ ನೋಡುತ್ತಾರೆ. ನನಗೂ ಅದೇ ಸರಿ ಅನ್ನಿಸುತ್ತದೆ. ಇಲ್ಲಿ ಒಂದು ತೊಡಕಿದೆ. ಬಯಾಪ್ಸಿಗೆ ತೆಗೆಯುವುದು ಒಂದು ಸಣ್ಣ ಚೂರು. ಚೀಲದ ಬೇರೆ ಕಡೆ ಗೋಡೆಯೊಳಕ್ಕೆ ನುಗ್ಗಿದ್ದರೆ ಆ ಚೂರಿನಲ್ಲಿ ಕಾಣದಿರಬಹುದು. ಚೀಲ ಪೂರ್ತಿ ಹೊರಗೆ ಬಂದು, ಲ್ಯಾಬಿನವರು ಎಲ್ಲಾ ಕಡೆಯಿಂದ ಕತ್ತರಿಸಿ ನೋಡಿದ ಮೇಲೇ ಯೂನಿಸಿಸ್ಟಿಕ್ ಅನ್ನುವ ಮಾತು ಖಚಿತವಾಗುವುದು. ಹಾಗಾಗಿ ಸಣ್ಣ ಆಪರೇಷನ್ ಆದ ಮೇಲೆ ಬರುವ ಎರಡನೇ ರಿಪೋರ್ಟ್ ಮೊದಲನೆಯದಕ್ಕಿಂತ ಮುಖ್ಯ. ಎಷ್ಟೋ ಜನ ಅದನ್ನು ತಂದು ತೋರಿಸುವುದೇ ಇಲ್ಲ. ಗಾಯ ಮಾಯ್ದಿದೆಯಲ್ಲ, ಇನ್ನೇನು ಅಂತ ಸುಮ್ನಾಗಿಬಿಡುತ್ತಾರೆ.

ಬರೀ ಸೂಜಿ ಚುಚ್ಚಿ ನೀರು ತೆಗೆದು ನೋಡಿದ ರಿಪೋರ್ಟಿನ ಮೇಲೆ ದೊಡ್ಡ ತೀರ್ಮಾನ ಮಾಡುವುದು ಬೇಡ. ಎಲುಬಿನ ಹೊರಗಿನ ಗಟ್ಟಿ ಪದರ ಒಡೆದಿದೆಯೇ ಅಂತ ತಿಳಿಯಲು ಸಿಟಿ ಸ್ಕ್ಯಾನ್ ಕೂಡ ಬೇಕು.

ಕೆರೆದು ತೆಗೆಯುವುದು

ಬಾಯೊಳಗಿನಿಂದಲೇ ಎಲುಬಿಗೆ ಕಿಂಡಿ ಮಾಡಿ, ಗಡ್ಡೆಯನ್ನು ಬಿಡಿಸಿ, ಉಳಿದದ್ದನ್ನು ಕೆರೆದು ತೆಗೆಯುತ್ತಾರೆ. ಮುಖದ ಆಕಾರ ಕೆಡುವುದಿಲ್ಲ. ಹೊರಗೆ ಕಲೆ ಇರುವುದಿಲ್ಲ. ಹೆಚ್ಚಿನ ಹಲ್ಲು ಉಳಿಯುತ್ತವೆ. ಕೆಳತುಟಿಗೆ ಸ್ಪರ್ಶ ಕೊಡುವ ನರವೂ ಎಷ್ಟೋ ಸಲ ಉಳಿಯುತ್ತದೆ. ಖರ್ಚು ಕಡಿಮೆ. ಇಷ್ಟೆಲ್ಲಾ ಲಾಭ ಇದ್ದೂ ಗಟ್ಟಿ ಬಗೆಗೆ ಇದು ಬೇಡ ಅನ್ನುವುದಕ್ಕೆ ಕಾರಣ ಒಂದೇ: ಗಡ್ಡೆ ಮತ್ತೆ ಬರುತ್ತದೆ.

ಎಕ್ಸ್‌ರೇಯಲ್ಲಿ ಗಡ್ಡೆಯ ಅಂಚು ಅಂತ ಕಾಣುವುದು ನಿಜವಾದ ಅಂಚಲ್ಲ. ಗಟ್ಟಿ ಬಗೆಯ ಗಡ್ಡೆ ಎಲುಬಿನ ಒಳಗಿನ ರಂಧ್ರಗಳ ನಡುವೆ 2ರಿಂದ 8 ಮಿಲಿಮೀಟರ್‌ನಷ್ಟು ಕಾಣದ ಹಾಗೆ ಮುಂದೆ ಹೋಗಿರುತ್ತದೆ. ಗದ್ದೆಯ ಬದುವಿನಲ್ಲಿ ಗರಿಕೆ ಕಿತ್ತ ಹಾಗೆ ಇದು: ಮೇಲಿನದೆಲ್ಲಾ ಕೈಗೆ ಬಂದರೂ ಮಣ್ಣಲ್ಲಿ ಉಳಿದ ಒಂದು ಗೆಣ್ಣು ಸಾಕು. ಚಮಚದಾಕಾರದ ಸಲಕರಣೆಯಿಂದ ಎಷ್ಟು ಕೆರೆದರೂ ಆ ಮಿಲಿಮೀಟರ್‌ಗಳು ಸಿಗುತ್ತವೆ ಅನ್ನುವ ಖಾತರಿ ಇಲ್ಲ.

ಸಂಖ್ಯೆಗಳು ಅಧ್ಯಯನದಿಂದ ಅಧ್ಯಯನಕ್ಕೆ ಬದಲಾಗುತ್ತವೆ. ಕೆಲವು ವರದಿಗಳಲ್ಲಿ ಕೆರೆದು ತೆಗೆದ ಗಟ್ಟಿ ಬಗೆ 100ರಲ್ಲಿ 60ರಿಂದ 80 ಜನರಿಗೆ ಮರುಕಳಿಸಿದೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2019ರಲ್ಲಿ ಮಾಡಿದ ವಿಶ್ಲೇಷಣೆಯಲ್ಲಿ ಇದು ಸುಮಾರು 40. ಅದೇ ವಿಶ್ಲೇಷಣೆಯಲ್ಲಿ ಎಲುಬಿನ ಸಮೇತ ಕತ್ತರಿಸಿ ತೆಗೆದವರಲ್ಲಿ ಮರುಕಳಿಸಿದ್ದು ಸುಮಾರು 8. ನಲವತ್ತು ಅನ್ನುವುದನ್ನೇ ಹಿಡಿದರೂ ಐದು ಪಟ್ಟು ವ್ಯತ್ಯಾಸ.

‘ಬಂದರೆ ಮತ್ತೆ ತೆಗೆದರಾಯಿತು’ ಅನ್ನುವ ವಾದವೂ ಇದೆ. ಅದನ್ನು ಪೂರ್ತಿ ತಳ್ಳಿಹಾಕುವುದಿಲ್ಲ. ತುಂಬಾ ವಯಸ್ಸಾದವರು, ಹೃದಯದ ತೊಂದರೆ ಇದ್ದು ಎಂಟು ಗಂಟೆಯ ಅರಿವಳಿಕೆ ತಡೆದುಕೊಳ್ಳಲಾರದವರು ಇದ್ದಾರೆ. ಗಡ್ಡೆ ನಿಧಾನವಾಗಿ ಬೆಳೆಯುವುದರಿಂದ ಅವರಿಗೆ ಸಣ್ಣ ಆಪರೇಷನ್ ಮಾಡಿ ಕಾಯುವುದು ನ್ಯಾಯವೇ. ಉಳಿದವರಿಗೆ ಈ ವಾದ ಒಪ್ಪುವುದು ಕಷ್ಟ. ಯಾಕಂದರೆ ಮತ್ತೆ ಬರುವಾಗ ಅದು ಎಲುಬಿನಲ್ಲೇ ಬರಬೇಕೆಂದಿಲ್ಲ. ಒಮ್ಮೆ ಆಪರೇಷನ್ನಿನಲ್ಲಿ ತೆರೆದ ಗಡ್ಡೆ ಸುತ್ತಲಿನ ಸ್ನಾಯುವಿನಲ್ಲೂ ಕೊಬ್ಬಿನಲ್ಲೂ ಬೇರುಬಿಡಬಹುದು. ಅಲ್ಲಿ ಅಂಚು ಹುಡುಕುವುದು ಎಲುಬಿನಲ್ಲಿ ಹುಡುಕುವುದಕ್ಕಿಂತ ಕಷ್ಟ. ಬಹಳ ಅಪರೂಪಕ್ಕೆ ಈ ಗಡ್ಡೆ ಶ್ವಾಸಕೋಶಕ್ಕೆ ಹರಡಿದ ಪ್ರಕರಣಗಳೂ ಇವೆ. ಅಂಥವರಲ್ಲಿ ಅನೇಕರಿಗೆ ಮತ್ತೆ ಮತ್ತೆ ಮರುಕಳಿಸಿ ಮತ್ತೆ ಮತ್ತೆ ಆಪರೇಷನ್ ಆಗಿತ್ತು.

ಕತ್ತರಿಸಿ ತೆಗೆಯುವುದು: ಇದರಲ್ಲೂ ಎರಡು ದಾರಿ

ಎಲುಬಿನ ಸಮೇತ ತೆಗೆಯುವುದು ಅಂದ ತಕ್ಷಣ ಅರ್ಧ ದವಡೆಯೇ ಹೋಗುತ್ತದೆ ಅಂತ ಹೆದರಬೇಡಿ. ಕೆಳದವಡೆಯ ಕೆಳಅಂಚು ಗಟ್ಟಿಯಾಗಿದ್ದು, ಸುಮಾರು 1 ಸೆಂಟಿಮೀಟರ್ ಎತ್ತರದಷ್ಟು ಒಳ್ಳೆಯ ಎಲುಬು ಉಳಿಯುವ ಹಾಗಿದ್ದರೆ, ಮೇಲಿನ ಭಾಗವನ್ನು ಮಾತ್ರ ಕತ್ತರಿಸಿ ಕೆಳಅಂಚನ್ನು ಉಳಿಸಬಹುದು. ಇದನ್ನು ಮಾರ್ಜಿನಲ್ ರಿಸೆಕ್ಷನ್ ಅನ್ನುತ್ತಾರೆ. ದವಡೆಯ ಕಮಾನು ಮುರಿಯುವುದಿಲ್ಲ, ಮುಖದ ಆಕಾರ ಉಳಿಯುತ್ತದೆ, ಕಾಲಿನ ಎಲುಬಿನ ಮಾತೇ ಬರುವುದಿಲ್ಲ. ನಿಮಗೆ ಇದು ಆಗುತ್ತದೆಯೇ ಅಂತ ನೇರವಾಗಿ ಕೇಳಿ. ಗಡ್ಡೆ ಬೇಗ ಸಿಕ್ಕಿದವರಿಗೆ ಇದು ತುಂಬಾ ಒಳ್ಳೆಯ ಆಯ್ಕೆ.

ಗಡ್ಡೆ ಕೆಳಅಂಚಿನವರೆಗೂ ಇಳಿದಿದ್ದರೆ ಆ ಭಾಗದ ಪೂರ್ತಿ ತುಂಡು ತೆಗೆಯಬೇಕು. ಅದು ಸೆಗ್ಮೆಂಟಲ್ ರಿಸೆಕ್ಷನ್. ಕಾಣುವ ಅಂಚಿನಿಂದ ಎರಡೂ ಕಡೆ 1ರಿಂದ 2 ಸೆಂಟಿಮೀಟರ್ ಒಳ್ಳೆಯ ಎಲುಬನ್ನೂ ಸೇರಿಸಿ ಕತ್ತರಿಸುತ್ತಾರೆ. ‘ಒಳ್ಳೆಯ ಎಲುಬನ್ನು ಯಾಕೆ ತೆಗೀಬೇಕು?’ ಅನ್ನುವ ಪ್ರಶ್ನೆಗೆ ಉತ್ತರ ಮೇಲೆ ಹೇಳಿದ ಆ 8 ಮಿಲಿಮೀಟರ್. ಎಲುಬಿನ ಹೊರಪದರ ಒಡೆದು ಗಡ್ಡೆ ಆಚೆ ಬಂದಿದ್ದರೆ ಅದರ ಮೇಲಿನ ಮೃದು ಪದರವನ್ನೂ ಸೇರಿಸಿ ತೆಗೆಯಬೇಕು. ಅದನ್ನು ತೆಗೆಯದಿದ್ದರೆ ಎಲುಬಿನಲ್ಲಿ ಎಷ್ಟು ಅಂಚು ಸೇರಿಸಿ ಕತ್ತರಿಸಿದರೂ ಅಷ್ಟೇ.

ಸರ್ಜನ್‌ಗೆ ಕೇಳಲು ಒಂದು ಒಳ್ಳೆಯ ಪ್ರಶ್ನೆ ಹೇಳುತ್ತೇನೆ. ಮಾಂಸದಂಥ ಮೃದು ಭಾಗದ ಗಡ್ಡೆಗಳಲ್ಲಿ ಆಪರೇಷನ್ ನಡೆಯುವಾಗಲೇ ಅಂಚನ್ನು ಲ್ಯಾಬಿಗೆ ಕಳಿಸಿ ನೋಡುತ್ತಾರೆ. ಗಟ್ಟಿ ಎಲುಬಿನಲ್ಲಿ ಅದು ಆಗುವುದಿಲ್ಲ. ಎಲುಬನ್ನು ಮೆದು ಮಾಡಿ ನೋಡಲು ದಿನಗಳೇ ಬೇಕು. ಅದಕ್ಕೆ ಕತ್ತರಿಸಿದ ತುಂಡಿನ ಎಕ್ಸ್‌ರೇಯನ್ನು ಅಲ್ಲೇ ತೆಗೆದು, ಸುತ್ತ ಒಳ್ಳೆಯ ಎಲುಬು ಸಾಕಷ್ಟಿದೆಯೇ ಅಂತ ನೋಡುವ ಪದ್ಧತಿ ಇದೆ. ‘ಅದನ್ನು ಮಾಡ್ತೀರಾ ಸರ್?’ ಅಂತ ಕೇಳಿ. ಈ ಗಡ್ಡೆಯ ಅಭ್ಯಾಸ ಇರುವ ಸರ್ಜನ್‌ಗೆ ಈ ಪ್ರಶ್ನೆ ಹೊಸದಾಗಿರುವುದಿಲ್ಲ.

ನಷ್ಟಗಳನ್ನೂ ಹೇಳಬೇಕು. ತುಂಡು ತೆಗೆದರೆ ಆ ಬದಿಯ ಹಲ್ಲುಗಳು ಹೋಗುತ್ತವೆ. ಎಲುಬಿನೊಳಗೆ ಹಾದುಹೋಗುವ ನರವೂ ಸಾಮಾನ್ಯವಾಗಿ ಹೋಗುತ್ತದೆ, ಕೆಳತುಟಿ ಮತ್ತು ಗಲ್ಲದ ಆ ಅರ್ಧ ಮರಗಟ್ಟುತ್ತದೆ. ತುಟಿ ಅಲುಗಾಡುತ್ತದೆ, ಸ್ಪರ್ಶ ಮಾತ್ರ ಗೊತ್ತಾಗುವುದಿಲ್ಲ. ಬಿಸಿ ಕಾಫಿ ಕುಡಿಯುವಾಗ ಎಚ್ಚರ ಬೇಕು. ಬೇರೆ ಕಡೆಯಿಂದ ನರ ತಂದು ಜೋಡಿಸುವ ಕೇಂದ್ರಗಳಿವೆ, ಆದರೆ ಎಲ್ಲಾ ಕಡೆ ಇಲ್ಲ. ಇಪ್ಪತ್ತೈದರ ಹುಡುಗಿಗೆ ಇದನ್ನೆಲ್ಲ ಹೇಳುವುದು ಯಾರಿಗೂ ಸುಲಭವಲ್ಲ, ಆದರೆ ಆಪರೇಷನ್ನಿಗೆ ಮೊದಲೇ ಹೇಳಬೇಕು. ಹೇಳದ ಡಾಕ್ಟರ ಹತ್ತಿರ ನೀವೇ ಕೇಳಿ ತಿಳಿದುಕೊಳ್ಳಿ.

ಒಂದೇ ಚೀಲದ್ದಾದರೆ, ಮಕ್ಕಳಾದರೆ

ಇಲ್ಲಿ ಲೆಕ್ಕ ಬೇರೆ. ಲ್ಯೂಮಿನಲ್ ಬಗೆಯ ಚೀಲಕ್ಕೆ ದವಡೆ ಕತ್ತರಿಸುವುದು ಅತಿಯಾಯಿತು ಅಂತಲೇ ನನ್ನ ಅಭಿಪ್ರಾಯ. ಹದಿನಾಲ್ಕು ವರ್ಷದ ಮಗುವಿನ ದವಡೆ ಇನ್ನೂ ಬೆಳೆಯುತ್ತಿರುತ್ತದೆ. ಆ ವಯಸ್ಸಿನಲ್ಲಿ ಎಲುಬು ಕೂಡಿಕೊಳ್ಳುವ ಶಕ್ತಿಯೂ ಜಾಸ್ತಿ.

ಯೂನಿಸಿಸ್ಟಿಕ್ ಬಗೆಯ ಬಗ್ಗೆ 2006ರಲ್ಲಿ ಬಂದ ಒಂದು ಸಮೀಕ್ಷೆ ನಾಲ್ಕು ದಾರಿಗಳನ್ನು ಹೋಲಿಸಿತ್ತು. ಚೀಲವನ್ನು ಬರೀ ಬಿಡಿಸಿ ತೆಗೆದರೆ 100ರಲ್ಲಿ ಸುಮಾರು 30 ಜನರಿಗೆ ಮರುಕಳಿಸಿತ್ತು. ಬಿಡಿಸಿ ತೆಗೆದ ಮೇಲೆ ಗುಂಡಿಯ ಗೋಡೆಗೆ ಕಾರ್ನಾಯ್ ದ್ರಾವಣ ಸವರಿದರೆ 16. ಚೀಲಕ್ಕೆ ಕಿಂಡಿ ಮಾಡಿ ಬಾಯೊಳಗೆ ತೆರೆದುಬಿಟ್ಟು, ಕುಗ್ಗಲು ಬಿಟ್ಟರೆ 18. ಕತ್ತರಿಸಿ ತೆಗೆದರೆ 4ಕ್ಕಿಂತ ಕಡಿಮೆ.

ಕಾರ್ನಾಯ್ ದ್ರಾವಣ ಅಂದರೆ ಆಲ್ಕೋಹಾಲ್, ಕ್ಲೋರೋಫಾರ್ಮ್, ಅಸಿಟಿಕ್ ಆಮ್ಲ, ಫೆರಿಕ್ ಕ್ಲೋರೈಡ್ ಸೇರಿದ ಮಿಶ್ರಣ. ಗೋಡೆಯಲ್ಲಿ ಉಳಿದ ಜೀವಕೋಶಗಳನ್ನು ಸುಟ್ಟುಹಾಕುತ್ತದೆ. ಕ್ಲೋರೋಫಾರ್ಮಿನಿಂದ ಕ್ಯಾನ್ಸರ್ ಬರಬಹುದೆಂಬ ಅನುಮಾನ ಇರುವುದರಿಂದ ಅದನ್ನು ಬಿಟ್ಟು ಮಾಡಿದ ದ್ರಾವಣವನ್ನು ಈಗ ಅನೇಕ ಕಡೆ ಬಳಸುತ್ತಾರೆ. ನರಕ್ಕೆ ನೇರವಾಗಿ ತಾಗದ ಹಾಗೆ ನೋಡಿಕೊಳ್ಳಬೇಕು.

ಕಿಂಡಿ ಮಾಡಿ ಬಿಡುವ ದಾರಿ ಆರಿಸಿದರೆ ಮನೆಯವರಿಗೂ ಕೆಲಸವಿದೆ. ತಿಂಗಳುಗಟ್ಟಲೆ ದಿನವೂ ಸಿರಿಂಜಿನಲ್ಲಿ ತೊಳೆಯಬೇಕು, ಅನ್ನದ ಅಗುಳು ಸಿಕ್ಕಿಕೊಳ್ಳದ ಹಾಗೆ ಕಾಯಬೇಕು. ಚೀಲ ಕುಗ್ಗಿದ ಮೇಲೆ ಉಳಿದದ್ದನ್ನು ತೆಗೆಯಲು ಎರಡನೇ ಆಪರೇಷನ್ ಇರುತ್ತದೆ. ಊರು ದೂರ, ಪದೇ ಪದೇ ಬರಲಾಗದು ಅನ್ನುವವರಿಗೆ ಇದು ಸರಿಹೋಗುವುದಿಲ್ಲ. ಒಂದೇ ಚೀಲ, ಚಿಕ್ಕ ವಯಸ್ಸು, ತಪ್ಪದೆ ಬರುವ ಅಪ್ಪ ಅಮ್ಮ, ಈ ಮೂರೂ ಇದ್ದರೆ ನಾನು ಸಣ್ಣ ಆಪರೇಷನ್ ಕಡೆಗೇ. ಮೂರರಲ್ಲಿ ಒಂದು ತಪ್ಪಿದರೂ ಯೋಚಿಸಬೇಕು.

ಮೇಲ್ದವಡೆ

ಇದರಲ್ಲಿ ಹೋಲಿಸಲು ಹೆಚ್ಚೇನೂ ಇಲ್ಲ. ಮೇಲ್ದವಡೆಯ ಎಲುಬು ತೆಳು, ಗಡ್ಡೆಯನ್ನು ತಡೆಯುವ ಗಟ್ಟಿ ಗೋಡೆ ಇಲ್ಲ. ಪಕ್ಕದಲ್ಲೇ ಸೈನಸ್, ಅದರ ಮೇಲೆ ಕಣ್ಣಿನ ಗುಳಿ, ಹಿಂದೆ ತಲೆಬುರುಡೆಯ ತಳ. ಅಲ್ಲಿಗೆ ಹೋಗಿ ಮರುಕಳಿಸಿದರೆ ಜೀವಕ್ಕೇ ಅಪಾಯ. ಗಟ್ಟಿ ಬಗೆ ಮೇಲ್ದವಡೆಯಲ್ಲಿದ್ದರೆ ಮೊದಲ ಸಲವೇ ಸುತ್ತಲಿನ ಒಳ್ಳೆಯ ಅಂಚನ್ನೂ ಸಾಕಷ್ಟು ಸೇರಿಸಿ ತೆಗೆಸಿ.

ಖಾಲಿಯಾದ ಜಾಗಕ್ಕೆ ಏನು?

ಕೆಳದವಡೆಯ ತುಂಡು ಹೋದ ಮೇಲೆ ಮೂರು ದಾರಿ.

ಬರೀ ಟೈಟಾನಿಯಂ ಪ್ಲೇಟ್ ಹಾಕಿ ಮುಗಿಸುವುದು ಒಂದು. ಬೇಗ ಆಗುತ್ತದೆ, ಖರ್ಚೂ ಕಡಿಮೆ. ಆದರೆ ದಿನವೂ ಅಗಿಯುವ ಒತ್ತಡಕ್ಕೆ ಪ್ಲೇಟ್ ವರ್ಷಗಳ ನಂತರ ಮುರಿಯಬಹುದು, ಚರ್ಮ ಅಥವಾ ಒಸಡು ಸೀಳಿಕೊಂಡು ಹೊರಬರಬಹುದು. ಅದರ ಮೇಲೆ ಹಲ್ಲೂ ಕೂರಿಸಲಾಗದು. ಚಿಕ್ಕ ವಯಸ್ಸಿನವರಿಗೆ ಇದನ್ನು ಕೊನೆಯ ಪರಿಹಾರ ಅಂತ ನಾನು ಒಪ್ಪುವುದಿಲ್ಲ. ಎಲುಬು ಕೂರಿಸುವವರೆಗಿನ ತಾತ್ಕಾಲಿಕ ಏರ್ಪಾಡಾದರೆ ಸರಿ.

ಸೊಂಟದ ಎಲುಬಿನ ತುಂಡು ತಂದು ಕೂರಿಸುವುದು ಎರಡನೆಯದು. ಇದಕ್ಕೆ ತನ್ನದೇ ರಕ್ತನಾಳ ಇರುವುದಿಲ್ಲ, ಸುತ್ತಲಿನ ಮಾಂಸದಿಂದಲೇ ಜೀವ ಹಿಡಿಯಬೇಕು. ಅಂತರ ಸುಮಾರು 6 ಸೆಂಟಿಮೀಟರ್ ಒಳಗಿದ್ದರೆ ಚೆನ್ನಾಗಿ ಕೂಡುತ್ತದೆ. ಉದ್ದ ಹೆಚ್ಚಾದಷ್ಟೂ ಕರಗುವ, ಕೀವಾಗುವ ಭಯ ಹೆಚ್ಚು.

ಮೂರನೆಯದು ಕಾಲಿನ ಫಿಬುಲಾ. ಮೊಣಕಾಲಿನ ಕೆಳಗೆ ಎರಡು ಎಲುಬಿವೆ. ಅದರಲ್ಲಿ ತೆಳ್ಳಗಿನ ಹೊರಗಿನದು ಇದು. ಮೈಭಾರ ಹೊರುವುದು ಮುಖ್ಯವಾಗಿ ಇನ್ನೊಂದು. ಮೊಣಕಾಲಿನ ಹತ್ತಿರವೂ ಪಾದದ ಕೀಲಿನ ಹತ್ತಿರವೂ 6ರಿಂದ 8 ಸೆಂಟಿಮೀಟರ್ ಉಳಿಸಿ, ನಡುವಿನ ಭಾಗವನ್ನು ರಕ್ತನಾಳದ ಸಮೇತ ತೆಗೆದು, ದವಡೆಯ ಆಕಾರಕ್ಕೆ ಕತ್ತರಿಸಿ, ಆ ನಾಳವನ್ನು ಕತ್ತಿನ ನಾಳಕ್ಕೆ ಮೈಕ್ರೋಸ್ಕೋಪಿನಲ್ಲಿ ಹೊಲಿಯುತ್ತಾರೆ. ದವಡೆಗೆ ಈ ವಿಧಾನ ಬಂದಿದ್ದು 1989ರಲ್ಲಿ. 25 ಸೆಂಟಿಮೀಟರ್‌ವರೆಗೂ ಎಲುಬು ಸಿಗುತ್ತದೆ. ಕೂಡಿದ ಮೇಲೆ ಅದರಲ್ಲಿ ಇಂಪ್ಲಾಂಟ್ ಇಟ್ಟು ಹಲ್ಲು ಕಟ್ಟಿಸಿಕೊಳ್ಳಬಹುದು. ಕಾಲು ಕುಂಟಾಗುತ್ತದೆ ಅನ್ನುವ ಭಯ ಎಲ್ಲರಿಗೂ ಇರುತ್ತದೆ. ಕೆಲವು ವಾರ ಕಷ್ಟವೇ, ಆಮೇಲೆ ಬಹುತೇಕರು ಮಾಮೂಲಿಯಾಗಿ ನಡೆಯುತ್ತಾರೆ. ಹೊಲಿದ ರಕ್ತನಾಳ ಕಟ್ಟಿಕೊಂಡು ಎಲುಬೇ ಸಾಯುವುದು 100ರಲ್ಲಿ ಸುಮಾರು 5 ಜನರಲ್ಲಿ. ಇದು ಆ ತಂಡದ ಕೈಚಳಕದ ಮೇಲೆ ನಿಂತಿರುವ ಸಂಖ್ಯೆ. ಆದ್ದರಿಂದ ‘ನಿಮ್ಮಲ್ಲಿ ವರ್ಷಕ್ಕೆ ಎಷ್ಟು ಫಿಬುಲಾ ಮಾಡುತ್ತೀರಿ?’ ಅಂತ ಕೇಳಲು ಸಂಕೋಚ ಬೇಡ.

ದುಡ್ಡಿನ ವಿಚಾರ. ಕರ್ನಾಟಕದಲ್ಲಿ ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ 1.5 ಲಕ್ಷದವರೆಗೆ. ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡಿಕೊಳ್ಳುವ ಆರೋಗ್ಯ ಮಿತ್ರರ ಹತ್ತಿರ ದವಡೆ ತೆಗೆಯುವುದಕ್ಕೂ ಎಲುಬು ಕೂರಿಸುವುದಕ್ಕೂ ಬೇರೆ ಬೇರೆಯಾಗಿ ಕೇಳಿ. ಪ್ಲೇಟ್ ಮತ್ತು ಇಂಪ್ಲಾಂಟ್ ಹಲ್ಲಿನ ಖರ್ಚು ಯಾರದ್ದು ಅಂತಲೂ ಮೊದಲೇ ಬಗೆಹರಿಸಿಕೊಳ್ಳಿ. ನಮ್ಮಲ್ಲಿ ಡೆಂಟಲ್ ಕಾಲೇಜುಗಳು ಬೇಕಾದಷ್ಟಿವೆ. ಅಲ್ಲಿನ ಮ್ಯಾಕ್ಸಿಲೋಫೇಶಿಯಲ್ (ದವಡೆ, ಮುಖದ ಸರ್ಜರಿಯ) ವಿಭಾಗಗಳಲ್ಲಿ ಈ ಗಡ್ಡೆಯನ್ನು ನೋಡಿದವರು ಸಿಗುತ್ತಾರೆ. ಎರಡನೇ ಅಭಿಪ್ರಾಯಕ್ಕೆ ಅದು ಒಳ್ಳೆಯ ಜಾಗ.

ಮತ್ತೆ ಬರುವುದು ಯಾವಾಗ?

ಮರುಕಳಿಸುವ ಗಡ್ಡೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮೊದಲ 5 ವರ್ಷಗಳಲ್ಲಿ ಕಾಣಿಸಿಕೊಳ್ಳುತ್ತವೆ. ಉಳಿದವು ಅದರ ನಂತರ, ಕೆಲವು ಹತ್ತಿಪ್ಪತ್ತು ವರ್ಷ ಬಿಟ್ಟು ಬಂದದ್ದೂ ಇದೆ. ಕೂರಿಸಿದ ಎಲುಬಿನಲ್ಲೇ ಬಂದ ಪ್ರಕರಣಗಳೂ ದಾಖಲಾಗಿವೆ. ಅದಕ್ಕೇ ‘ಒಂದು ವರ್ಷ ಆಯಿತು, ಏನೂ ಇಲ್ಲ’ ಅಂತ ನಿಲ್ಲಿಸುವ ಹಾಗಿಲ್ಲ. ಮೊದಲ 5 ವರ್ಷ ಆರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಕನಿಷ್ಠ 10 ವರ್ಷದವರೆಗೆ ತೋರಿಸಿಕೊಳ್ಳುವುದು ಸಾಮಾನ್ಯ ಪದ್ಧತಿ. ಓಪಿಜಿ ದುಬಾರಿಯೇನಲ್ಲ. ಕೆಲಸಕ್ಕೆ ಅಂತ ದುಬೈಗೋ ಪುಣೆಗೋ ಹೋದರೆ ಅಲ್ಲೇ ತೆಗೆಸಿ ಇಲ್ಲಿನ ಸರ್ಜನ್‌ಗೆ ಕಳಿಸಿದರೂ ನಡೆಯುತ್ತದೆ, ಹಳೆಯ ಫಿಲ್ಮ್‌ಗಳ ಜೊತೆ ಹೋಲಿಸುವವರು ಒಬ್ಬರು ಇರಬೇಕು ಅಷ್ಟೇ.

ಮರುಕಳಿಸಿದ್ದು ಖಚಿತವಾದರೆ ಮತ್ತೊಮ್ಮೆ ಕೆರೆಸುವ ಯೋಚನೆ ಬಿಡಿ. ಹೊಸದಾಗಿ ಬಯಾಪ್ಸಿ ಮಾಡಿಸಿ, ಸಿಟಿ ತೆಗೆಸಿ, ಈ ಸಲ ಸುತ್ತಲಿನ ಒಳ್ಳೆಯ ಅಂಚನ್ನೂ ಸೇರಿಸಿ ತೆಗೆಸಿ. ಬಯಾಪ್ಸಿ ಯಾಕಂದರೆ, ಬಹಳ ಅಪರೂಪಕ್ಕೆ ಇದು ಅಮೆಲೊಬ್ಲಾಸ್ಟಿಕ್ ಕಾರ್ಸಿನೋಮಾ ಆಗಿ, ಅಂದರೆ ನಿಜವಾದ ಕ್ಯಾನ್ಸರ್ ಆಗಿ ಮಾರ್ಪಟ್ಟಿರಬಹುದು. ರೇಡಿಯೇಶನ್‌ಗೆ ಇದರಲ್ಲಿ ಜಾಗ ಕಡಿಮೆ, ಆಪರೇಷನ್ ಸಾಧ್ಯವೇ ಇಲ್ಲದಾಗ ಮಾತ್ರ ಅದರ ಮಾತು.

ಮಾತ್ರೆಯಿಂದ ಹೋಗುವುದಿಲ್ಲವೇ?

2014ರಲ್ಲಿ ಈ ಗಡ್ಡೆಯಲ್ಲಿ ಬಿಆರ್‌ಎಎಫ್ ಅನ್ನುವ ಜೀನ್‌ನ ಒಂದು ಬದಲಾವಣೆ ಇರುವುದು ಗೊತ್ತಾಯಿತು. ವಿ600ಇ ಅಂತ ಅದರ ಹೆಸರು. ಕೆಳದವಡೆಯ ಗಡ್ಡೆಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಇದು ಸಿಗುತ್ತದೆ, ಮೇಲ್ದವಡೆಯದರಲ್ಲಿ ಕಡಿಮೆ. ಇದೇ ಬದಲಾವಣೆ ಚರ್ಮದ ಕ್ಯಾನ್ಸರ್ ಮೆಲನೋಮಾದಲ್ಲೂ ಇದೆ. ಅದಕ್ಕೆ ಡಬ್ರಾಫೆನಿಬ್, ಟ್ರಾಮೆಟಿನಿಬ್ ಮಾತ್ರೆಗಳು ಆಗಲೇ ಇದ್ದವು. ಅವನ್ನು ಕೊಟ್ಟಾಗ ದವಡೆಯ ಗಡ್ಡೆಯೂ ಕುಗ್ಗಿದ್ದನ್ನು ವೈದ್ಯರು ವರದಿ ಮಾಡಿದ್ದಾರೆ. ಇಸ್ರೇಲ್‌ನ ಒಂದು ತಂಡ ಎಳೆಯ ವಯಸ್ಸಿನವರಿಗೆ ಮೊದಲು ಮಾತ್ರೆ ಕೊಟ್ಟು, ಗಡ್ಡೆ ಕುಗ್ಗಿ ಎಲುಬು ತುಂಬಿಕೊಂಡ ಮೇಲೆ ಸಣ್ಣ ಆಪರೇಷನ್ ಮಾಡಿ ದವಡೆ ಉಳಿಸಿದೆ.

ಆಸೆ ಹುಟ್ಟಿಸುವ ಸುದ್ದಿ ನಿಜ. ಆದರೆ ಇದುವರೆಗೆ ನೋಡಿದ ರೋಗಿಗಳ ಸಂಖ್ಯೆ ಚಿಕ್ಕದು. ಮಾತ್ರೆ ನಿಲ್ಲಿಸಿದರೆ ಗಡ್ಡೆ ಮತ್ತೆ ಬೆಳೆಯಬಹುದು. ಜ್ವರ, ಚರ್ಮದ ತೊಂದರೆಗಳಿವೆ, ಬೆಲೆಯೂ ಭಾರಿ. ಕತ್ತರಿಸಿ ಸುಲಭವಾಗಿ ತೆಗೆಯಬಹುದಾದ ಗಡ್ಡೆಗೆ ಇವತ್ತು ಮಾತ್ರೆಯನ್ನೇ ನಂಬಿ ಕೂರುವುದು ಬೇಡ ಅಂತಲೇ ಹೇಳುತ್ತೇನೆ. ತಲೆಬುರುಡೆಯ ತಳಕ್ಕೆ ಹೋದದ್ದು, ಶ್ವಾಸಕೋಶಕ್ಕೆ ಹರಡಿದ್ದು, ಮೂರು ನಾಲ್ಕು ಸಲ ಮರುಕಳಿಸಿದ್ದು, ಇಂಥವಕ್ಕೆ ಖಂಡಿತ ಕೇಳಿ ನೋಡಬೇಕಾದ ದಾರಿ. ಅದಕ್ಕೆ ಮೊದಲು ಗಡ್ಡೆಯ ತುಣುಕಿನಲ್ಲಿ ಆ ಜೀನ್ ಬದಲಾವಣೆ ಇದೆಯೇ ಅಂತ ಪರೀಕ್ಷೆ ಆಗಬೇಕು. ಹಳೆಯ ಆಪರೇಷನ್ನಿನ ತುಣುಕನ್ನು ಲ್ಯಾಬಿನವರು ಮೇಣದ ಬ್ಲಾಕ್‌ನಲ್ಲಿ ಇಟ್ಟಿರುತ್ತಾರೆ. ವರ್ಷಗಳ ನಂತರವೂ ಅದರಲ್ಲೇ ಪರೀಕ್ಷೆ ಮಾಡಬಹುದು. ಡಿಸ್ಚಾರ್ಜ್ ಆಗುವಾಗ ಬ್ಲಾಕಿನ ನಂಬರನ್ನು ರಿಪೋರ್ಟಿನ ಮೇಲೆ ಬರೆಸಿಕೊಂಡು, ಎಷ್ಟು ವರ್ಷ ಇಟ್ಟಿರುತ್ತಾರೆ ಅಂತಲೂ ಕೇಳಿಕೊಳ್ಳಿ.